ಇಂಗಿನ ಡಬ್ಬದ ದುಡ್ಡು

ಒಂದೂರಲ್ಲಿ ಒಬ್ಬ ರಾಜ ಅಂತ ಶುರು ಮಾಡೋಕೆ ನನಗೂ ಬರ್ತದೆ. ಆದ್ರೆ ಈ ಕತೇಲಿ ರಾಜ ಇಲ್ಲ, ಬಜ್ಜಿ ಅಂಗಡಿ ಐತೆ. ಹುಲಿಯೂರುದುರ್ಗದ ಬಸ್ ಸ್ಟ್ಯಾಂಡಿನ ಎದುರಿಗೇ ಅಂಗಡಿ, ಅಂಗಡಿ ಹಿಂದೆ ಮನೆ. ಆ ಮನೇಲಿ ಪುಟ್ಟತಾಯಮ್ಮ ಅಂತ ಒಬ್ಬಳು ತಾಯಿ, ಬೈರಲಿಂಗ ಅಂತ ಅವಳ ಮಗ. ಮಗನಿಗೆ ಮೂವತ್ತು ತುಂಬಿತ್ತು. ಆಳು ನೋಡಿದರೆ ಬಾಗಿಲು ತುಂಬ ಇದ್ದ. ಬುದ್ಧಿ ಮಾತ್ರ ಎಲ್ಲೋ ಏಳನೇ ವರ್ಷದಲ್ಲೇ ನಿಂತುಬಿಟ್ಟಿತ್ತು. ಸುಳ್ಳು ಹೇಳೋನಲ್ಲ, ಕದಿಯೋನಲ್ಲ, ಎದುರಾಡೋನಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಅವನ ಕಾಯಿಲೆ.

"ಬಂದೋರಿಗೆ ಬಜ್ಜಿ ಕೊಡು ಕಣ್ಲಾ" ಅಂತ ಹೇಳಿ ಪುಟ್ಟತಾಯಮ್ಮ ಒಂದು ಸಲ ಸಂತೆಗೆ ಹೋಗಿದ್ದಳು. ಬಂದು ನೋಡಿದರೆ ಎರಡು ಬಾಂಡ್ಲಿ ಬಜ್ಜಿ ಖಾಲಿ, ಗಲ್ಲಾಪೆಟ್ಟಿಗೇಲಿ ಒಂದು ಕಾಸಿಲ್ಲ. ದುಡ್ಡು ಇಸ್ಕೋ ಅಂತ ಅವ್ವ ಹೇಳಿರಲಿಲ್ಲವಲ್ಲ! ಅವತ್ತಿಂದ ಅವನನ್ನ ಗಲ್ಲಾದ ಹತ್ತಿರಕ್ಕೇ ಬಿಡ್ತಿರಲಿಲ್ಲ. ಪಕ್ಕದಲ್ಲಿ ಕೂರಿಸ್ಕೊಂಡು ಕಡ್ಲೆಹಿಟ್ಟಿಗೆ ಉಪ್ಪು ಹಾಕೋ ಕೆಲಸ ಕೊಟ್ಟಿದ್ದಳು. ಒಂದು ಸೇರಿಗೆ ಒಂದು ಹಿಡಿ. ಅದನ್ನ ಇಪ್ಪತ್ತು ವರ್ಷದಿಂದ ಒಂದು ದಿನಾನೂ ತಪ್ಪಿಸದೆ ಮಾಡಿಕೊಂಡು ಬಂದಿದ್ದ.

ಪುಟ್ಟತಾಯಮ್ಮನಿಗೆ ಒಬ್ಬಳು ಮಗಳೂ ಇದ್ದಳು, ಬೈರಲಿಂಗನ ಅಕ್ಕ, ಚೆಲುವಿ ಅಂತ. ಚನ್ನರಾಯಪಟ್ಟಣಕ್ಕೆ ಕೊಟ್ಟಿತ್ತು. ಗಂಡನದು ಸೌದೆ ಡಿಪೋ. ದಸರಾ ರಜೆಗೆ ಮಗಳು ಯಶಿಕಾಳನ್ನ ಕರ್ಕೊಂಡು ತವರಿಗೆ ಬಂದೋಳು ಒಂದು ಮಧ್ಯಾಹ್ನ ಮಾತು ತೆಗೆದಳು.

"ಅವ್ವ, ನಿಂಗೂ ಮಂಡಿ ಹಿಡ್ಕಂಡೈತೆ. ಎಷ್ಟು ದಿನ ಅಂತ ಒಲೆ ಮುಂದೆ ನಿಂತ್ಕೋತೀಯ? ಅಂಗಡಿ ಮಾರ್ಬಿಡು. ನೀನು ನಮ್ಮನೇಲಿರು. ಇವ್ನು ಡಿಪೋದಾಗೆ ಕಾವಲಿಗೆ ಮಲಗ್ಲಿ, ಮೂರು ಹೊತ್ತು ಊಟ ಹಾಕ್ತೀವಿ."

"ಅಂಗಡಿ ಅವ್ನಿಗೆ ಅಂತ ಮಾಡಿಟ್ಟಿರೋದು ಕಣೇ."

"ಅವ್ನಿಗೆ? ಅವ್ನ ಕೈಲಿ ಒಂದು ದಿನದ ದುಡ್ಡು ಕೊಟ್ಟು ನೋಡು, ಸಂಜೆಗೆ ಏನುಳೀತದೆ ಅಂತ!"

ಮಗಳು ಕೆಟ್ಟೋಳಲ್ಲ, ಹೇಳಿದ್ದೂ ಸುಳ್ಳಲ್ಲ. ಅದಕ್ಕೇ ಪುಟ್ಟತಾಯಮ್ಮನಿಗೆ ಜಾಸ್ತಿ ಉರೀತು.

ಆ ರಜೇಲೇ ಮದ್ದೂರಿನ ಹೆದ್ದಾರಿ ಪಕ್ಕದ ನೀರಾಟದ ಪಾರ್ಕಿಗೆ ಹೋಗೋದು ಅಂತ ಆಗಿತ್ತು. ನಾಲ್ಕು ಜನದ ಟಿಕೆಟ್ಟಿಗೆ ಅಳಿಯನೇ ದುಡ್ಡು ಕಟ್ಟಿದ್ದ. ಕೈಖರ್ಚು ನಂದು ಅಂತ ಪುಟ್ಟತಾಯಮ್ಮ ಮೊದಲೇ ಹೇಳಿದ್ದಳು. ದಿನಕ್ಕೆ ಹತ್ತು ರೂಪಾಯಿ ಹಾಗೆ ಹತ್ತು ತಿಂಗಳು ಎತ್ತಿಟ್ಟು ಮೂರು ಸಾವಿರ ಕೂಡಿಸಿದ್ದಳು. ಈಗ ಅವಳಿಗೆ ಹಟ ಬಂತು.

"ಆಗ್ಲಿ ಕಣೇ ಚೆಲುವಿ. ಪಾರ್ಕಿನ ಕೈಖರ್ಚು ಬೈರನೇ ನೋಡ್ಕೊಳ್ಳಲಿ. ಸಂಜೆಗೆ ಲೆಕ್ಕ ಸರಿ ಬಂದ್ರೆ ಅಂಗಡಿ ಅವ್ನದು. ಬರ್ಲಿಲ್ವಾ, ನೀ ಹೇಳ್ದಂಗೆ ಮಾರ್ಬಿಡ್ತೀನಿ."

ಆಡಬಾರದಿತ್ತು ಅಂತ ಆಮೇಲೆ ಹೊಳೀತು. ಆದ್ರೆ ಆಡಿಯಾಗಿತ್ತು.

ಇನ್ನೂ ನಾಲ್ಕು ದಿನ ಇತ್ತು. ಅಷ್ಟರೊಳಗೆ ಮಗನನ್ನ ಪಳಗಿಸೋಣ ಅಂತ ಪುಟ್ಟತಾಯಮ್ಮ ಇನ್ನೂರು ರೂಪಾಯಿ ಕೈಗಿಟ್ಟಳು.

"ಪೇಟೆಗೆ ಹೋಗಿ ಎರಡು ಟವಲು ತಗಂಡು ಬಾ. ನೋಡ್ಲಾ, ಅಂಗಡಿಯವ್ರು ಎಷ್ಟು ಹೇಳಿದ್ರೂ ಅರ್ಧಕ್ಕೆ ಕೇಳ್ಬೇಕು. ಗೊತ್ತಾಯ್ತಾ?"

"ಆಯ್ತು ಕಣವ್ವ. ನೀ ಹೇಳ್ದಂಗೇ ಮಾಡ್ತೀನಿ."

ಹೋದ. ಟವಲಿನವನು ಎರಡಕ್ಕೆ ನಾನೂರು ಅಂದ. ಬೈರಲಿಂಗ ಇನ್ನೂರು ಅಂದ. ಟವಲಿನವನು ಆ ಕಡೆ ಈ ಕಡೆ ನೋಡಿ, "ಬೋಣಿ ಹೊತ್ತು, ಹೋಗ್ಲಿ ಇನ್ನೂರೇ ಕೊಡು" ಅಂದ.

"ನೂರು!" ಅಂದ ಬೈರಲಿಂಗ.

"ಲೇ, ಇನ್ನೂರು ಅಂದೋನು ನೀನೇ ಅಲ್ವೇನಯ್ಯ?"

"ಈಗ ನೀನೂ ಅಂದ್ಯಲ್ಲ. ನೂರು!"

"ನೂರೈವತ್ತು ಕೊಟ್ಟು ಜಾಗ ಖಾಲಿ ಮಾಡು."

"ಎಪ್ಪತ್ತೈದು!"

"ಥೂ, ನಿನ್ನ ವ್ಯಾಪಾರಕ್ಕಿಷ್ಟು! ಪುಕ್ಕಟೆ ತಗಂಡೋಗು ಅತ್ಲಾಗಿ!"

ಪುಕ್ಕಟೆಗೆ ಅರ್ಧ ಎಷ್ಟು ಅಂತ ಬೈರಲಿಂಗ ಅಲ್ಲೇ ನಿಂತು ಬೆರಳು ಮಡಚಿ ಯೋಚನೆ ಮಾಡಿದ. ಟವಲಿನವನು ಗಜಕಡ್ಡಿ ತಗೊಂಡು ಅಟ್ಟಿಸಿಕೊಂಡು ಬಂದ. ಬರಿಗೈಲಿ ಮನೆಗೆ ಓಡಿ ಬಂದ.

"ಅಯ್ಯೋ ನನ್ನ ಕರ್ಮವೇ! ಇನ್ನೂರಕ್ಕೆ ಒಪ್ಪಿದ್ದನಲ್ಲೋ! ಇನ್ಮೇಲೆ ಚೌಕಾಸಿ ಗೀಕಾಸಿ ಬೇಡ. ಕೇಳಿದಷ್ಟು ಕೊಟ್ಟು ಬಾ" ಅಂತ ಬೈದು ಮಾರನೇ ದಿನ ನಾನೂರು ಕೊಟ್ಟು ಕಳಿಸಿದಳು.

"ಆಯ್ತು ಕಣವ್ವ. ನೀ ಹೇಳ್ದಂಗೇ ಮಾಡ್ತೀನಿ."

ದಾರೀಲಿ ರಾಜ್ಯೋತ್ಸವದ ಚಂದಾ ಎತ್ತೋರು ಸಿಕ್ಕಿದರು. "ಬೈರಣ್ಣ, ನಿನ್ ಹೆಸರಿಗೆ ಐನೂರು ಬರೀಲಾ?" ಅಂತ ತಮಾಷೆಗೆ ಕೇಳಿದರು. ಬೈರಲಿಂಗ ಜೇಬಿಗೆ ಕೈ ಹಾಕಿ ನಾನೂರೂ ತೆಗೆದು ಕೊಟ್ಟ. "ಇನ್ನು ನೂರು ನಾಳೆ ತಂದ್ಕೊಡ್ತೀನಿ" ಅಂತ ಕೈ ಮುಗಿದ. ರಸೀತಿ ಮಡಚಿ ಜೇಬಲ್ಲಿಟ್ಟುಕೊಂಡು ಮನೆಗೆ ಬಂದ.

"ಟವಲೆಲ್ಲೋ?"

"ಟವಲಿಲ್ಲ ಕಣವ್ವ. ಕೇಳ್ದೋರಿಗೆ ಕೇಳಿದಷ್ಟು ಕೊಟ್ಟೆ."

ಚೆಲುವಿ ಬಾಗಿಲಲ್ಲಿ ನಿಂತು ಎಲ್ಲ ನೋಡ್ತಿದ್ದಳು. ಅವಳು ನೋಡ್ತಿದ್ದಾಳೆ ಅನ್ನೋದಕ್ಕೇ ಪುಟ್ಟತಾಯಮ್ಮನಿಗೆ ಮಗನ ಮೇಲೆ ರೇಗಿಹೋಯ್ತು.

"ಅಲ್ವೋ ಪೆದ್ದ ಮುಂಡೇದೆ! ವಸ್ತು ಕೈಗೆ ಬರೋಗಂಟ ಒಂದು ಕಾಸೂ ಬಿಚ್ಚಬೇಡ. ಮೊದ್ಲು ವಸ್ತು, ಆಮೇಲೆ ದುಡ್ಡು!"

"ಆಯ್ತು ಕಣವ್ವ. ನೀ ಹೇಳ್ದಂಗೇ ಮಾಡ್ತೀನಿ."

ಟವಲಿನ ಆಸೆ ಬಿಟ್ಟು ಪುಟ್ಟತಾಯಮ್ಮ ಸತ್ತ ಗಂಡನ ಹಳೇ ಪಂಚೆ ಎರಡು ಮಡಿಸಿ ಚೀಲಕ್ಕೆ ಹಾಕಿದಳು. ಹೊರಡೋ ಹಿಂದಿನ ದಿನ ಮಗನನ್ನ ಮುಂದೆ ಕೂರಿಸಿಕೊಂಡು ದುಡ್ಡು ಪಾಲು ಮಾಡಿದಳು. ಆ ಮನೇಲಿ ದುಡ್ಡು ಇಡೋದು ಸಾಂಬಾರ ಡಬ್ಬಗಳಲ್ಲೇ. ಇವಳ ಅತ್ತೆ ಕಾಲದಿಂದಲೂ ಹಾಗೇ. ಕರೆಂಟ್ ಬಿಲ್ಲಿಗೆ ಒಂದು ಡಬ್ಬ, ಎಣ್ಣೆಗೊಂದು, ಔಷಧಿಗೊಂದು. ಒಂದರದ್ದು ಇನ್ನೊಂದಕ್ಕೆ ಮುಟ್ಟೋ ಹಾಗಿಲ್ಲ.

"ನೋಡ್ಲಾ. ಸಾಸಿವೆ ಡಬ್ಬದಾಗೆ ಮುನ್ನೂರು, ಬಸ್ಸಿಗೆ. ಮೆಂತ್ಯದ ಡಬ್ಬದಾಗೆ ಸಾವಿರದಿನ್ನೂರು, ಊಟಕ್ಕೆ. ಜೀರಿಗೆ ಡಬ್ಬದಾಗೆ ಐನೂರು, ಮಗೀನ ಆಟಕ್ಕೆ, ಐಸ್‌ಕ್ರೀಮಿಗೆ. ಇಂಗಿನ ಡಬ್ಬದಾಗೆ ಸಾವಿರ, ಅದು ಆಪತ್ತಿಗೆ. ಆಪತ್ತು ಬಂದ್ರೆ ಮಾತ್ರ ಮುಚ್ಚಳ ತೆಗೀಬೇಕು."

ಬೈರಲಿಂಗ ನಾಲ್ಕೂ ಡಬ್ಬ ಎತ್ತಿ ಎತ್ತಿ ನೋಡಿದ.

"ನಿಂದ್ಯಾವ ಡಬ್ಬ ಅವ್ವ?"

"ನಂಗ್ಯಾಕ್ಲಾ ಡಬ್ಬ? ನಾನು ನೀರಿಗಿಳಿಯಲ್ಲ, ಏನೂ ಇಲ್ಲ. ದಡದಾಗೆ ಕೂತು ಚೀಲ ಕಾಯ್ತೀನಿ."

ಆ ದುಡ್ಡು ಜೇಬಿಗೆ ಹಾಕ್ಕೋ ಅಂತ ಅವಳು ಹೇಳಲಿಲ್ಲ. ಹೇಳಬೇಕು ಅಂತ ಹೊಳೆಯಲೇ ಇಲ್ಲ. ಬೆಳಿಗ್ಗೆ ನೋಡಿದರೆ ಮಗ ನಾಲ್ಕು ಡಬ್ಬಾನೂ ಚೀಲದಲ್ಲಿಟ್ಟು ಹೆಗಲಿಗೆ ಹಾಕ್ಕೊಂಡು ನಿಂತಿದ್ದಾನೆ. ಹೆಜ್ಜೆ ಹಾಕಿದರೆ ಡಣ್ ಡಣ್ ಅಂತ ಸದ್ದು.

ಬಸ್ಸು ಹತ್ತಿದರು. ಸರ್ಕಾರಿ ಬಸ್ಸು, ಹೆಂಗಸರಿಗೆ ದುಡ್ಡಿಲ್ಲ. ಬೈರಲಿಂಗನೊಬ್ಬನಿಗೇ ಟಿಕೆಟ್ಟು.

"ಎಲ್ಲಿಗಯ್ಯ?" ಅಂದ ಕಂಡಕ್ಟರು.

"ಮದ್ದೂರು."

"ಮೂವತ್ತು ತೆಗಿ."

"ಮದ್ದೂರು ಬರ್ಲಿ, ಕೊಡ್ತೀನಿ."

"ಏನಂದೆ?"

"ಮೊದ್ಲು ಮದ್ದೂರು, ಆಮೇಲೆ ದುಡ್ಡು. ಎಲ್ಲೈತೆ ಮದ್ದೂರು? ತೋರ್ಸು ನೋಡಾಣ."

"ನಿಮ್ಮಪ್ಪನ ಬಸ್ಸೇನಯ್ಯ ಇದು?"

"ಅಲ್ಲ, ಸರ್ಕಾರದ್ದು."

ಬಸ್ಸಿಗೆ ಬಸ್ಸೇ ಗೊಳ್ಳೆಂದಿತು. ಕಂಡಕ್ಟರು ಮುಖ ಕೆಂಪಗೆ ಮಾಡಿಕೊಂಡು ಸೀಟಿ ಊದಿದ. ಬಸ್ಸು ನಿಂತಿತು. ಬೈರಲಿಂಗ ಡಬ್ಬದ ಚೀಲ ಅಪ್ಪಿಕೊಂಡು ಇಳಿಯೋಕೆ ಎದ್ದೇಬಿಟ್ಟ. ಪುಟ್ಟತಾಯಮ್ಮ ಓಡಿ ಬಂದು ಸಾಸಿವೆ ಡಬ್ಬದಿಂದ ಮೂವತ್ತು ತೆಗೆದುಕೊಟ್ಟು, ಕೈ ಮುಗಿದು, ಮಗನನ್ನ ಎಳೆದು ಕೂರಿಸಿದಳು.

"ಬಸ್ಸಿಗೆ, ಆಟಕ್ಕೆ, ಇಂಥದ್ದಕ್ಕೆಲ್ಲ ಮೊದ್ಲೇ ಕೊಡ್ಬೇಕು ಕಣ್ಲಾ! ಅವ್ರು ಬಾಯಿ ಬಿಟ್ಟು ಕೇಳೋಗಂಟ ಕಾಯ್ಬೇಡ. ಮೊದ್ಲೇ ಕೊಟ್ಬಿಡು, ಮರ್ಯಾದೆ ಉಳೀತದೆ!"

"ಆಯ್ತು ಕಣವ್ವ. ನೀ ಹೇಳ್ದಂಗೇ ಮಾಡ್ತೀನಿ."

ಕಿಟಕಿ ಕಡೆ ತಿರುಗಿ ಕೂತ ಚೆಲುವಿಯ ಭುಜ ಅಲ್ಲಾಡ್ತಿತ್ತು. ನಗ್ತಿದ್ದಳೋ ಏನೋ.

ಪಾರ್ಕಿನ ಬಾಗಿಲಲ್ಲಿ ಕಾವಲಿನವನು ಚೀಲ ತೆಗೆಸಿದ. ಸಾಸಿವೆ, ಮೆಂತ್ಯ, ಜೀರಿಗೆ, ಇಂಗು. "ಏನಮ್ಮ, ಒಳಗೆ ಒಗ್ಗರಣೆ ಹಾಕ್ತೀರಾ?" ಅಂದ. ಮುಚ್ಚಳ ತೆಗೆದರೆ ನೋಟು. ಇಂಗಿನ ಡಬ್ಬಕ್ಕೆ ಮೂಗು ಇಟ್ಟವನು ಎರಡು ಸಲ ಸೀನಿ, ಹೋಗ್ರಪ್ಪ ಹೋಗಿ ಅಂತ ಬಿಟ್ಟ.

ಒಳಗೆ ಹೋದರೆ ಜಾರುಬಂಡೆಗಳೇನು, ತೊಟ್ಟಿಲುಗಳೇನು! ಟಿಕೆಟ್ಟು ಇದ್ದೋರಿಗೆ ಅದೆಲ್ಲ ಹಾಗೇ. ಆದ್ರೆ ಒಂದು ಮೂಲೇಲಿ ಬಳೆ ಎಸೆಯೋ ಆಟ, ಅದಕ್ಕೆ ಬೇರೆ ದುಡ್ಡು. ಒಂದು ಸರ್ತಿಗೆ ಇಪ್ಪತ್ತು. ಯಶಿಕಾ ಅದನ್ನ ಕಂಡು, "ಮಾವ, ಒಂದೇ ಒಂದ್ಸಲ!" ಅಂದಳು.

ಆಟಕ್ಕೆ ಮೊದಲೇ ಕೊಡಬೇಕು. ಬಾಯಿ ಬಿಟ್ಟು ಕೇಳೋವರೆಗೂ ಕಾಯಬಾರದು. ಬೈರಲಿಂಗ ಜೀರಿಗೆ ಡಬ್ಬ ಬಗ್ಗಿಸಿ ಐನೂರೂ ಆಟದವನ ಮುಂದೆ ಸುರಿದ. ಆಟದವನು ಬಿಡ್ತಾನಾ? ಇಪ್ಪತ್ತೈದು ಸರ್ತಿ ಅಂತ ಬರೆದುಕೊಂಡ. ಹುಡುಗಿ ಎಸೆದಳು, ಎಸೆದಳು. ಏಳನೇ ಸಲಕ್ಕೆ ಕೈ ಸೋತುಹೋಯ್ತು.

"ಸಾಕು ಮಾವ. ಜಾರುಬಂಡೆಗೆ ಹೋಗಾಣ."

"ಇನ್ನೂ ಹದಿನೆಂಟೈತೆ ಕಣವ್ವ. ದುಡ್ಡು ಕೊಟ್ಟಿವ್ನಿ, ಎಸಿ!"

ಕೊನೆಗೆ ಮೂರು ಬಾಚಣಿಗೆ, ಒಂದು ಸೋಪಿನ ಡಬ್ಬ ಗೆದ್ದುಕೊಂಡು ಬಂದರು. ಅಷ್ಟೊತ್ತಿಗೆ ಹುಡುಗಿಗೆ ಐಸ್‌ಕ್ರೀಮ್ ಬೇಕಾಯ್ತು. ಜೀರಿಗೆ ಡಬ್ಬ ಖಾಲಿ.

"ಊಟದ್ರಲ್ಲಿ ತೆಗಿಯೋ!" ಅಂದಳು ಚೆಲುವಿ.

"ಆಗಲ್ಲಕ್ಕ. ಐಸ್‌ಕ್ರೀಮು ಜೀರಿಗೆದು. ಮೆಂತ್ಯದ್ದು ಮುಟ್ಟಂಗಿಲ್ಲ."

"ಹಂಗಾದ್ರೆ ಇಂಗಿನ ಡಬ್ಬ ತೆಗಿ!"

"ಅದು ಆಪತ್ತಿಗೆ. ಐಸ್‌ಕ್ರೀಮು ಆಪತ್ತಾ?"

ಯಶಿಕಾ ನೆಲದ ಮೇಲೆ ಕೂತು ಹೋ ಅಂತ ಅತ್ತಳು. ಬೈರಲಿಂಗ ಎದುರಿಗೇ ಇಂಗಿನ ಡಬ್ಬ ಎದೆಗೊತ್ತಿಕೊಂಡು ಕಲ್ಲಿನ ಹಾಗೆ ಕೂತ. ಅವನ ಕಣ್ಣಲ್ಲೂ ನೀರು. ಆದರೂ ಡಬ್ಬ ಬಿಡಲೊಲ್ಲ. ಬೆಂಚಿನ ಮೇಲೆ ಚೀಲ ಕಾಯ್ತಾ ಕೂತಿದ್ದ ಪುಟ್ಟತಾಯಮ್ಮ ಮಂಡಿ ಹಿಡ್ಕೊಂಡು ಎದ್ದು ಬಂದಳು. ಅವಳಿಗೂ ಸಾಕು ಸಾಕಾಗಿತ್ತು.

"ಅಯ್ಯೋ ನನ್ನ ಕರ್ಮವೇ! ಮಗು ಅಳ್ತಾ ಕೂತದೆ, ಆಪತ್ತಾ ಅಂತ ಕೇಳ್ತೀಯಲ್ಲೋ! ನಮ್ಮೋರ ಕಣ್ಣಲ್ಲಿ ನೀರು ಬಂತು ಅಂದ್ರೆ ಅದೇ ಆಪತ್ತು. ಅದಕ್ಕಿಂತ ಬೇರೆ ಏನ್ಲಾ ಆಪತ್ತು? ಕಣ್ಣಲ್ಲಿ ನೀರು ಕಂಡ್ಯಾ, ಹಿಂದೆಮುಂದೆ ನೋಡ್ಬೇಡ, ಡಬ್ಬ ತೆಗಿ!"

"ಆಯ್ತು ಕಣವ್ವ. ನೀ ಹೇಳ್ದಂಗೇ ಮಾಡ್ತೀನಿ."

ಇಂಗಿನ ಡಬ್ಬದಿಂದ ಎಂಬತ್ತು ಹೋಯ್ತು. ಹುಡುಗಿ ನಕ್ಕಳು. ಊಟ ಆಯ್ತು, ಅದಕ್ಕೆ ಮೆಂತ್ಯದ ಡಬ್ಬ. ಅದರಲ್ಲಿ ನೂರೈವತ್ತು ಉಳೀತು.

ಮಧ್ಯಾಹ್ನ ಮೂರು ಗಂಟೆಗೆ ಅಲೆ ಬರೋ ಕೊಳ ಶುರು ಆಯ್ತು. ದೊಡ್ಡ ಕೊಳ. ಗಂಟೆ ಹೊಡೆದರು ಅಂದ್ರೆ ಆ ತುದಿಯಿಂದ ನೀರು ಎದ್ದೆದ್ದು ಬರ್ತದೆ. ಚೆಲುವಿ, ಯಶಿಕಾ ಇಬ್ಬರೂ ಇಳಿದರು. ಪುಟ್ಟತಾಯಮ್ಮ ದಡದಲ್ಲಿ ಕೂತಳು. ಸೀರೆ ಉಟ್ಟೋರು ಇಳಿಯಂಗಿಲ್ಲ ಅಂತ ಕಾವಲಿನವನು ಮೊದಲೇ ಹೇಳಿದ್ದ. ನೀರಿಗಿಳಿಯೋ ಅಂಗಿ ಅಲ್ಲೇ ಅಂಗಡೀಲಿ ಮಾರ್ತಿದ್ದರು. ಆ ಕಡೆ ಅವಳು ತಿರುಗಿ ಕೂಡ ನೋಡಿರಲಿಲ್ಲ.

ಮದುವೆಯಾದ ಹೊಸದರಲ್ಲಿ ಗಂಡ ಹೇಳಿದ್ದ, ಒಂದು ಸಲ ನಿನ್ನ ಮಂಗಳೂರಿಗೆ ಕರ್ಕೊಂಡೋಗಿ ಸಮುದ್ರ ತೋರಿಸ್ತೀನಿ ಅಂತ. ಮುಂದಿನ ವರ್ಷ, ಮುಂದಿನ ವರ್ಷ ಅಂತಲೇ ಹನ್ನೆರಡು ವರ್ಷ ಕಳೀತು. ಆಮೇಲೆ ಅವನೇ ಇರಲಿಲ್ಲ. ಸಮುದ್ರ ಅಂದ್ರೆ ಹಿಂಗೇ ಇರ್ತದೇನೋ ಅಂತ ನೋಡ್ತಾ ಕೂತಳು. ಮೊಮ್ಮಗಳು ಅಲೆಗೆ ಬೆನ್ನು ಕೊಟ್ಟು ಕಿರುಚ್ತಿದ್ದಳು. ಇವಳ ಕಾಲ ಹತ್ತಿರದವರೆಗೂ ನೀರು ಬಂದು, ಮುಟ್ಟದೆ ಹಿಂದಕ್ಕೆ ಹೋಯ್ತು. ಯಾಕೋ ಕಣ್ಣು ತುಂಬಿ ಬಂತು. ಸೆರಗಿನಲ್ಲಿ ಒರೆಸಿಕೊಂಡಳು.

ಪಕ್ಕದಲ್ಲಿದ್ದ ಬೈರಲಿಂಗ ಅದನ್ನ ನೋಡಿದ.

"ಅವ್ವ! ಆಪತ್ತು!" ಅಂತ ಕೂಗಿ ಎದ್ದ. ಇಂಗಿನ ಡಬ್ಬ ಹಿಡ್ಕೊಂಡು ಓಡಿದ. ಏನಾಯ್ತು ಏನಾಯ್ತು ಅಂತ ಜನ ಗಾಬರಿಯಿಂದ ನೋಡಿದರು. ಅಂಗಿ ಮಾರೋ ಹುಡುಗಿ ಬಾಯಿ ಬಿಡೋಕ್ಕೂ ಮೊದಲೇ ಒಂಬೈನೂರಿಪ್ಪತ್ತೂ ಅವಳ ಮುಂದೆ ಸುರಿದು, "ನಮ್ಮವ್ವಂಗೆ ನೀರಿಗಿಳಿಯೋ ಅಂಗಿ ಕೊಡವ್ವ, ಬಿರ್ರನೆ!" ಅಂದ. ಕತ್ತಿಂದ ಕಾಲಿನವರೆಗೆ ಮುಚ್ಚೋ ನೀಲಿ ಅಂಗಿ ತಂದು ಅವ್ವನ ತೊಡೆ ಮೇಲಿಟ್ಟ.

"ಥೂ, ಹುಚ್ಚಪ್ಪ! ಈ ವಯಸ್ಸಲ್ಲಿ ಇದನ್ನ ಹಾಕ್ಕೊಳ್ಳೋದಾ? ವಾಪಸ್ ಕೊಟ್ಟು ಬಾ!"

ಕೊಡೋಕೆ ಹೋದರೆ ವಾಪಸ್ ತಗೊಳ್ಳಲ್ಲ ಅಂತ ಬೋರ್ಡಿತ್ತು. ದುಡ್ಡು ದಂಡ ಆಗಬಾರದಲ್ಲ! ಅಷ್ಟೇ ಕಾರಣ ಅಂತ ಪುಟ್ಟತಾಯಮ್ಮ ತನಗೆ ತಾನೇ ಹೇಳಿಕೊಂಡು ಅಂಗಿ ಹಾಕ್ಕೊಂಡು ಬಂದಳು. ನಾಚಿಕೇಲಿ ಮುದುಡಿ ಮುದುಡಿ ನೀರಿಗೆ ಕಾಲಿಟ್ಟಳು. ಗಂಟೆ ಹೊಡೀತು. ಅಲೆ ಬಂದು ಮಂಡಿಗೆ ಹೊಡೀತು, ಸೊಂಟಕ್ಕೆ ಹೊಡೀತು. "ಅಯ್ಯಯ್ಯಪ್ಪಾ!" ಅಂತ ಒಂದು ಕೂಗು ಹಾಕಿ ನಕ್ಕಳು ನೋಡಿ, ಆ ನಗು ಚೆಲುವಿ ಕೂಡ ಹುಟ್ಟಿದಾಗಿಂದ ಕೇಳಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಈ ಹೆಂಗಸಿಗೆ ನಗೋಕೆ ಪುರುಸೊತ್ತೆಲ್ಲಿತ್ತು?

ಬರೋವಾಗ ಬಸ್ಸಲ್ಲಿ ಚೆಲುವಿ ನಾಲ್ಕೂ ಡಬ್ಬ ತೊಡೆ ಮೇಲಿಟ್ಟುಕೊಂಡು ನೋಡಿದಳು.

"ಜೀರಿಗೆ ಖಾಲಿ, ಇಂಗು ಖಾಲಿ. ಆಪತ್ತಿನ ದುಡ್ಡು ಅಂಗಿಗೆ ಹಾಕವ್ನೆ. ಲೆಕ್ಕ ಸರಿ ಇಲ್ಲ ಅವ್ವ."

"ಇಲ್ಲ" ಅಂದಳು ಪುಟ್ಟತಾಯಮ್ಮ. ಇನ್ನೂ ತಲೆ ಒದ್ದೆ ಇತ್ತು. "ಆದ್ರೆ ಒಂದು ನೋಡು. ಅವ್ನಿಗೆ ಅಂತ ಅವ್ನು ಏನು ತಗಂಡ?"

ಚೆಲುವಿ ಡಬ್ಬಗಳನ್ನ ಇನ್ನೊಂದು ಸಲ ನೋಡಿದಳು. ತಮ್ಮ ಮುಂದಿನ ಸೀಟಲ್ಲಿ ಗೆದ್ದ ಬಾಚಣಿಗೇಲಿ ಯಶಿಕಾಳ ತಲೆ ಬಾಚ್ತಿದ್ದ. ಒಂದು ಟೀ ಕೂಡ ಕುಡಿದಿರಲಿಲ್ಲ. ಅವನಿಗೆ ಯಾವ ಡಬ್ಬ ಅಂತ ಯಾರೂ ಹೇಳಿರಲಿಲ್ಲವಲ್ಲ.

ಚೆಲುವಿ ಒಂದೊಂದೇ ಡಬ್ಬ ಮುಚ್ಚಿ ಚೀಲಕ್ಕೆ ಹಾಕಿದಳು. ಊರು ಹತ್ತಿರ ಬಂದಾಗ, "ಅಂಗಡಿ ಮಾರೋದು ಬೇಡ ಬಿಡು. ಗಲ್ಲಾ ಅವ್ನ ಕೈಗೆ ಕೊಟ್ಟು ಒಂದು ವಾರ ನೋಡಾಣ" ಅಂದಳು. ಪುಟ್ಟತಾಯಮ್ಮ ಮಗಳ ಕೈ ಹಿಡ್ಕೊಂಡಳು.

ಮಾರನೇ ದಿನ ಮಧ್ಯಾಹ್ನ ಗಲ್ಲಾಪೆಟ್ಟಿಗೆ ಬೀಗದ ಕೈ ಮಗನ ಉಡಿದಾರಕ್ಕೆ ಕಟ್ಟಿದಳು. ಈ ಸಲ ಏನು ಹೇಳಬೇಕೋ ಎಲ್ಲ ಹೇಳಿದಳು. ಬಜ್ಜಿ ಕೊಡು, ದುಡ್ಡು ಇಸ್ಕೋ, ಚಿಲ್ಲರೆ ಕೊಡು, ಸಾಲ ಕೊಡಬೇಡ. ಎಲ್ಲಾ ಹೇಳಿ ಆಯ್ತು ಅಂತ ನಿಟ್ಟುಸಿರು ಬಿಟ್ಟು ಈಳಿಗೆಮಣೆ ಮುಂದೆ ಕೂತಳು. ಸಂಜೆ ಬಜ್ಜಿಗೆ ನಾಲ್ಕು ಕೇಜಿ ಈರುಳ್ಳಿ ಹೆಚ್ಚಬೇಕಿತ್ತು.

ಒಂದು ಈರುಳ್ಳಿ ಹೆಚ್ಚಿದಳು. ಎರಡು ಹೆಚ್ಚಿದಳು. ಮೂರನೇದಕ್ಕೆ ಕಣ್ಣಲ್ಲಿ ನೀರು ದಳದಳ ಇಳೀತು.

ಉಪ್ಪಿನ ಪಾತ್ರೆಗೆ ಕೈ ಹಾಕಿದ್ದ ಬೈರಲಿಂಗ ತಿರುಗಿ ನೋಡಿದ. ಕೈ ಅಲ್ಲೇ ನಿಂತುಹೋಯ್ತು. ಅವನ ಮುಖ ಬೆಳ್ಳಗಾಯ್ತು.

"ಅವ್ವ... ಇದೂ ಆಪತ್ತು ಕಣವ್ವ! ಮೊನ್ನೇನೂ ಅಳ್ತಿದ್ದೆ. ಆಚೆ ಮೊನ್ನೇನೂ ಅಳ್ತಿದ್ದೆ. ನಾನು ಚಿಕ್ಕೋನಾಗಿದ್ದಾಗ್ಲಿಂದ ದಿನಾ ಇಲ್ಲೇ ಕೂತು ಅಳ್ತಿದ್ದೆ! ನಾನು ಪಕ್ಕದಾಗೇ ಕೂತು ಉಪ್ಪು ಹಾಕ್ತಿದ್ನಲ್ಲವ್ವ!"

ಪುಟ್ಟತಾಯಮ್ಮ ಬಾಯಿ ತೆಗೆದಳು. ಈರುಳ್ಳಿ ಕಣ್ಲಾ ಅನ್ನೋ ಮಾತು ನಾಲಿಗೆ ತುದೀಗೆ ಬಂದಿತ್ತು. ಆದ್ರೆ ಗಂಡ ಹೋದ ವರ್ಷ, ಮಕ್ಕಳಿಗೆ ಕಾಣಬಾರದು ಅಂತ, ಇದೇ ಈಳಿಗೆಮಣೆ ಮುಂದೆ ಬೇಕು ಬೇಕಂತಲೇ ಎರಡು ಕೇಜಿ ಜಾಸ್ತಿ ಹೆಚ್ಚುತ್ತಿದ್ದದ್ದು ನೆನಪಾಯ್ತು. ಮಾತು ಹೊರಡೋದು ಒಂದು ಗಳಿಗೆ ತಡವಾಯ್ತು.

ಅಷ್ಟು ತಡ ಸಾಕಲ್ಲ ನಮ್ಮ ಬೈರಲಿಂಗನಿಗೆ! ಗಲ್ಲಾಪೆಟ್ಟಿಗೆ ಹಾಗೇ ಎತ್ತಿ ಬಗಲಿಗಿಟ್ಟುಕೊಂಡು ಎದುರಿಗೆ ನಿಂತಿದ್ದ ಮದ್ದೂರು ಬಸ್ಸಿಗೆ ಓಡಿದ. ಅದೇ ಕಂಡಕ್ಟರು. ಅವನು ಬಾಯಿ ಬಿಡೋಕ್ಕೂ ಮೊದಲೇ ಪೆಟ್ಟಿಗೆ ತೆಗೆದು ನೋಟು, ಚಿಲ್ಲರೆ ಎಲ್ಲ ಅವನ ಚೀಲಕ್ಕೆ ಸುರಿದ.

"ಮೊದ್ಲೇ ತಗಂಬಿಡು! ಇವತ್ತಿಂದು, ನಾಳೇದು, ಎಲ್ಲಾ ದಿನದ್ದೂ! ನಮ್ಮವ್ವಂಗೆ ದಿನಾ ಆಪತ್ತು, ದಿನಾ ಪಾರ್ಕಿಗೆ ಕರ್ಕಂಡೋಗ್ಬೇಕು!"

"ಲೇ ತಮ್ಮಾ, ಅದು ಈರುಳ್ಳಿ ಕಣೋ! ಇಳಿಯೋ!" ಅಂತ ಚೆಲುವಿ ರಸ್ತೆ ನಡುವೆ ನಿಂತು ಕಿರುಚಿದಳು. ಕಂಡಕ್ಟರು ಕಣ್ಣು ಬಾಯಿ ಬಿಟ್ಟುಕೊಂಡು ಚಿಲ್ಲರೆ ನೋಡ್ತಿದ್ದ. ಬೈರಲಿಂಗ ಫುಟ್‌ಬೋರ್ಡಿನ ಮೇಲೆ ನಿಂತು ಎರಡೂ ಕೈ ಬೀಸಿ ಅವ್ವನನ್ನ ಕರೀತಿದ್ದ.

ಪುಟ್ಟತಾಯಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಈರುಳ್ಳಿ ಬಿಟ್ಟು ಆಗಲೇ ಎಷ್ಟು ಹೊತ್ತಾಗಿತ್ತು, ಆದರೂ ನೀರು ನಿಲ್ಲಲಿಲ್ಲ. ಈಳಿಗೆಮಣೆ ಮಗ್ಗುಲಿಗೆ ಸರಿಸಿ, ಮಂಡಿ ಹಿಡ್ಕೊಂಡು ಎದ್ದು ಹಿತ್ತಲಿಗೆ ಹೋದಳು. ತಂತಿ ಮೇಲಿನ ನೀಲಿ ಅಂಗಿ ಮುಟ್ಟಿ ನೋಡಿದಳು. ಇನ್ನೂ ಹಸಿ ಇತ್ತು. ಆದರೂ ಎಳೆದು ಕಂಕುಳಿಗೆ ಇಟ್ಟುಕೊಂಡು ಬಸ್ಸಿನ ಕಡೆ ಬಿರಬಿರನೆ ನಡೆದಳು. ಹುಲಿಯೂರುದುರ್ಗದೋರು ಆವತ್ತು ಸಂಜೆ ಬಜ್ಜಿ ಇಲ್ಲದೇ ಟೀ ಕುಡಿದರು.